ಶಶಿಕುಮಾರ ಗಾಲ್ಫ್ ಕಲಿಯಲು ಹೋದದ್ದು

ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ ಶಶಿಕುಮಾರನಿಗೆ ಕೂದಲು ನರೆಯುವ ವಯಸ್ಸಿನಲ್ಲಿ ಗಾಲ್ಫ್ ಹುಚ್ಚು ಹಿಡಿಯಿತು. ಆಟದ ಮೇಲೆ ಪ್ರೀತಿ ಬಂದು ಅಲ್ಲ ಮತ್ತೆ, ದೊಡ್ಡ ಬೀಗರು ಸಿಗುತ್ತಾರೆಂಬ ಆಸೆಗೆ. ಅವನ ಮಗಳು ಧನ್ಯಾ, ಅರಕಲಗೂಡು ಕಡೆ ಕಾಫಿ ತೋಟವಿರುವ ಬಸವರಾಜು ಅವರ ಮಗ ಸಂಜಯ್‌ನನ್ನು ಮೆಚ್ಚಿಕೊಂಡಿದ್ದಳು. "ಮುಂದಿನ ಭಾನುವಾರ ಹಾಸನದ ಗಾಲ್ಫ್ ಗ್ರೌಂಡಿಗೆ ಬನ್ನಿ, ಆಡ್ತಾ ಆಡ್ತಾ ಮದ್ವೆ ಮಾತು ಮುಗಿಸಾನ" ಎಂದು ಬಸವರಾಜು ಫೋನು ಮಾಡಿದರು. "ಅದ್ಕೇನಂತೆ, ನಾನೂ ಆಡಿ ಬಾಳ ದಿನ ಆಯ್ತು" ಅಂದುಬಿಟ್ಟ ಈ ಭೂಪ. ಗಾಲ್ಫ್ ಕೋಲನ್ನು ಅವನು ಟಿವಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಕಂಡವನಲ್ಲ.

ಮಾರನೆಯ ದಿನವೇ ಅದೇ ಗ್ರೌಂಡಿಗೆ ಕಲಿಯಲು ಓಡಿದ. ಕಲಿಸುವ ಮೇಷ್ಟ್ರನ್ನು ಕಂಡದ್ದೇ ಮುಖ ಹುಳ್ಳಗಾಯಿತು. ಕೀರ್ತಿರಾಜ್, ದುದ್ದದ ಹತ್ತಿರದ ಇವನ ಹುಟ್ಟೂರಿನವನೇ. ಅವನ ತಾತ ಹುಚ್ಚಯ್ಯ ಇವರ ಮನೆಯಲ್ಲಿ ಜೀತಕ್ಕಿದ್ದು, ಜಗಲಿ ಹತ್ತದೆ ಅಂಗಳದಲ್ಲೇ ಉಂಡು ಹೋದವನು. ಬೇರೆ ಮೇಷ್ಟ್ರು ಯಾರೂ ಇಲ್ಲವೇ ಎಂದು ಶಶಿಕುಮಾರ ಆಫೀಸಿನಲ್ಲಿ ವಿಚಾರಿಸಿದ. ಇಲ್ಲ ಅಂದರು.

ವಿಧಿಯಿಲ್ಲದೆ ಕೋಲನ್ನು ಸೌದೆ ಸೀಳುವ ಕೊಡಲಿಯಂತೆ ಬಿಗಿ ಹಿಡಿದು ಬೀಸಿದ. ಹುಲ್ಲಿನ ಹೆಂಟೆ ಎದ್ದು ಹಾರಿತು, ಚೆಂಡು ಇದ್ದಲ್ಲೇ ಇತ್ತು.

"ಅಷ್ಟು ಬಿಗಿ ಬ್ಯಾಡಿ ಸಾ," ಅಂದ ಕೀರ್ತಿರಾಜ್. "ಮೊಣಕಾಲು ಚೂರು ಬಗ್ಸಿ. ತಲೆ ತಗ್ಸಿ, ಚೆಂಡೇ ನೋಡ್ತಿರಿ. ಹೊಡೆದ್ಮೇಲೂ ತಲೆ ಎತ್ಬ್ಯಾಡಿ."

ಕೈ ಸಡಿಲಿಸಿದ, ಮೊಣಕಾಲು ಬಗ್ಗಿಸಿದ. ತಲೆಯ ಮಾತಿಗೆ ಮಾತ್ರ ಮೀಸೆ ಅದುರಿತು. "ತಲೆ ತಗ್ಸು ಅನ್ನೋ ಮಾತು ನಮ್ಮನೇಲಿ ಇಲ್ಲ ಕಣ್ಲಾ. ಬ್ಯಾರೆ ಏನಾರ ಯೇಳು."

"ಬ್ಯಾರೆ ಏನಿಲ್ಲ ಸಾ. ಮೊದಲ್ನೇ ಪಾಠವೇ ಇದು."

ಏನು ಹೇಳೋಣ ಇಂಥವರಿಗೆ. ಕಾಯಿ ಲೋಡು ಕೊಳ್ಳಲು ಬೆಂಗಳೂರಿನ ಸೇಟು ಬಂದರೆ ಹಲ್ಲುಗಿಂಜಿಕೊಂಡು ನಡು ಬಗ್ಗಿಸಿ ನಿಲ್ಲುವ ಗಿರಾಕಿ ಇವನು. ಹುಚ್ಚಯ್ಯನ ಮೊಮ್ಮಗನ ಮುಂದೆ ಮಾತ್ರ ಗದ್ದ ಇಳಿಯದು. ವಾರವೆಲ್ಲ ಹುಂಜದ ಹಾಗೆ ಕತ್ತು ನಿಗುರಿಸಿಕೊಂಡೇ ಬೀಸಿದ. ಕೀರ್ತಿರಾಜ್ ದಿನಾ ಹೇಳಿದ್ದನ್ನೇ ಹೇಳಿದ, ಇವನು ಒಂದು ದಿನವೂ ಕೇಳಲಿಲ್ಲ.

ಭಾನುವಾರ ಬಸವರಾಜು ಹೊಡೆದ ಚೆಂಡು ನೆಟ್ಟಗೆ ದೂರ ಹೋಯಿತು. ಶಶಿಕುಮಾರ ಬೀಸಿದ್ದು ಗಾಳಿಗೆ. ಇನ್ನೊಮ್ಮೆ ಬೀಸಿದ, ಅದೂ ಗಾಳಿಗೆ. ಪಕ್ಕದಲ್ಲಿದ್ದ ಕೀರ್ತಿರಾಜ್ ಮೆಲ್ಲಗೆ, "ತಲೆ, ಸಾ" ಅಂದ.

"ಬಾಯ್ಮುಚ್ಕೊಂಡು ನಿಂತ್ಕಳ್ಳಾ. ನಿಮ್ ತಾತ ನಮ್ ಹಟ್ಟೀಲಿ ಒಂದಿನ ತಲೆ ಎತ್ತಿದ್ನಾ? ನೀನು ನಂಗೆ ತಗ್ಸು ಅಂತೀಯ."

ಹಾಗಂದವನು ಬಸವರಾಜು ಕಡೆ ತಿರುಗಿ ನಕ್ಕ. ನಮ್ಮವರೇ ತಾನೆ, ಜೊತೆಗೆ ನಗುತ್ತಾರೆ ಅಂದುಕೊಂಡಿದ್ದ.

ಬಸವರಾಜು ನಗಲಿಲ್ಲ. ಕೋಲನ್ನು ಬ್ಯಾಗಿಗೆ ಹಾಕಿದರು. "ಕೀರ್ತಿರಾಜ್ ನಂಗೂ ಮೇಷ್ಟ್ರೇ ಕಣ್ರಿ. ಮದ್ವೆ ಮಾತು ಇನ್ ನಿಮ್ಮತ್ರ ಆಡಕ್ಕಾಗಲ್ಲ" ಎಂದು ಕಾರಿನ ಕಡೆ ನಡೆದರು.

"ಹಿಂದಿನೋರು ಕಾಯ್ತಾವ್ರೆ ಸಾ, ಜಾಗ ಬಿಡಿ," ಅಂದ ಕೀರ್ತಿರಾಜ್. ಇವನ ಮುಖವನ್ನೂ ನೋಡಲಿಲ್ಲ.

ಕಾಫಿ ತೋಟದವರ ಕೊಬ್ಬನ್ನು ಬಯ್ಯುತ್ತಾ ಶಶಿಕುಮಾರ ಕಾರಿನಲ್ಲಿ ಅರ್ಧ ದಾರಿ ಬರುವ ಹೊತ್ತಿಗೆ ಧನ್ಯಾಳ ಫೋನು ಬಂತು.

"ಅವ್ರ್ಗೆ ಧಿಮಾಕು ಜಾಸ್ತಿ ಕಣವ್ವ. ನಾನೇ ಬ್ಯಾಡ ಅಂದ್ಬುಟ್ಟು ಬತ್ತಾ ಇವ್ನಿ," ಅಂದ.

"ಸಂಜಯ್ ಈಗ ಫೋನ್ ಮಾಡಿದ್ರು ಅಪ್ಪ. ನೀವು ಅಂದಿದ್ದೆಲ್ಲಾ ಅವರಪ್ಪ ಹೇಳಿದ್ರಂತೆ."

"ಅಂಗಾರೆ ಸಂಬಂಧ ಮುರೀತು ಅನ್ನು."

"ಇಲ್ಲ. ಮದ್ವೆ ಆಗುತ್ತೆ, ರಿಜಿಸ್ಟರ್ ಆಫೀಸಲ್ಲಿ," ಅಂದಳು ಧನ್ಯಾ. "ನೀವ್ ಮಾತ್ರ ಬರಬೇಡಿ. ಅಲ್ಲೂ ಯಾರಿಗಾದ್ರೂ ಏನಾದ್ರೂ ಅಂತೀರ."