ಸರ್ವೆಯವರ ಮರದ ಸ್ಟ್ಯಾಂಡ್

ನನ್ನ ಚಿಕ್ಕಪ್ಪನಿಗೆ ಬಾಯಲ್ಲಿ ಬೆಲ್ಲ, ಹೊಟ್ಟೆಯಲ್ಲಿ ಕತ್ತರಿ. ಅಪ್ಪ ತೀರಿಕೊಂಡ ತಿಂಗಳಲ್ಲೇ ಅಪ್ಪನ ಫೋಟೋ ಸ್ಟುಡಿಯೋದ ಬೀಗ ಬದಲಾಯಿಸಿದ. ಎದುರಿಗೆ ‘ನೀವು’ ಅನ್ನುತ್ತೇನೆ. ಇಲ್ಲಿ ‘ಅವನು’ ಅಂದರೆ ಸಾಕು, ಅದೇ ಹೆಚ್ಚು.

ನನಗೆ ದಕ್ಕಿದ್ದು ಅಪ್ಪನ ದೊಡ್ಡ ಕ್ಯಾಮೆರಾ ಒಂದೇ. ಮರದ ಪೆಟ್ಟಿಗೆ, ಮುಂದೆ ಚರ್ಮದ ತಿದಿ, ಒಂದೊಂದು ಚಿತ್ರಕ್ಕೂ ಅಂಗೈಯಗಲದ ಒಂದೊಂದು ಫಿಲ್ಮ್ ಹಾಳೆ. ಅದು ಕೂರುತ್ತಿದ್ದ ಭಾರದ ಸ್ಟ್ಯಾಂಡನ್ನು ಚಿಕ್ಕಪ್ಪ ಇಟ್ಟುಕೊಂಡು, ಕಡ್ಡಿಯಂಥ ಅಲ್ಯೂಮಿನಿಯಂ ಟ್ರೈಪಾಡ್ ಕೈಗಿತ್ತ. “ನಿಂಗೆ ಇದು ಸಾಕು ಪುಟ್ಟಿ. ಭಾರ ಯಾಕೆ ಹೊರ್ತೀಯಾ?” ನಾನು ನಂಬಿದೆ. ಎಂಥ ದಡ್ಡಿ!

ಮೊದಲ ಕೆಲಸದಲ್ಲೇ ಆ ಟ್ರೈಪಾಡ್ ಅಲುಗಿ, ಚಿತ್ರದಲ್ಲಿ ಮನೆಮಂದಿಗೆಲ್ಲ ಎರಡೆರಡು ಮೂಗು ಬಂದವು. ಚಿಕ್ಕಪ್ಪ ಸುಮ್ಮನಿದ್ದನೇ? “ಪಾಪ, ಅವಳ ಕೈ ನಡುಗುತ್ತೆ” ಎಂದು ಬೀದಿಯ ಅಂಗಡಿ ಅಂಗಡಿಗೂ ಹೇಳಿಕೊಂಡು ಬಂದ. ಆಮೇಲೆ ನನ್ನ ಬಾಗಿಲು ತಟ್ಟುವವರೇ ಇಲ್ಲವಾದರು.

ಅಂಥ ಹೊತ್ತಲ್ಲಿ ನೂಲಿನ ಗಿರಣಿಯಿಂದ ಇಬ್ಬರಿಗೂ ಕರೆ ಬಂತು. ಮುನ್ನೂರು ಕೆಲಸಗಾರರ ಗುಂಪುಚಿತ್ರ ಇಬ್ಬರೂ ತೆಗೆಯಬೇಕು. ಯಾರದು ಚೆನ್ನಾಗಿರುತ್ತದೋ ಅವರಿಗೆ ಗಿರಣಿಯ ವರ್ಷದ ಕೆಲಸವೆಲ್ಲ. ಇದೂ ಕೈತಪ್ಪಿದರೆ ಕ್ಯಾಮೆರಾ ಮಾರಿ, ಇನ್ನೊಬ್ಬರ ಅಂಗಡಿಯಲ್ಲಿ ಜೆರಾಕ್ಸ್ ಮಾಡುತ್ತ ಕೂರುವುದೇ ಗತಿ. ಹತ್ತು ದಿನ ಇತ್ತು.

ಕ್ಯಾಮೆರಾ ಅಂಗಡಿಯ ಟ್ರೈಪಾಡುಗಳಲ್ಲಿ ಗಟ್ಟಿಯಾಗಿದ್ದದ್ದು ಕೈಗೆಟುಕಲಿಲ್ಲ, ಕೈಗೆಟುಕಿದ್ದು ಗಟ್ಟಿಯಿರಲಿಲ್ಲ. ನಡುವಿನ ಕೊಳವೆ ಮೇಲೆತ್ತಿ ಬೆರಳಲ್ಲಿ ತಟ್ಟಿದರೆ ಗಡಗಡ ಅನ್ನುತ್ತಿತ್ತು. “ಅದು ಮಾಮೂಲಿ ಮೇಡಂ, ಕೆಳಗೊಂದು ಬ್ಯಾಗ್ ನೇತುಹಾಕಿ” ಎಂದ ಅಂಗಡಿಯವನು. ಗಾಳಿಗೆ ಬ್ಯಾಗೂ ತೂಗಾಡಿದರೆ? ನಿನ್ನ ತಲೆ ನೇತುಹಾಕಲೇ ಎಂದು ಕೇಳುವಷ್ಟು ಸಿಟ್ಟು ಬಂದಿತ್ತು.

ಗಟ್ಟಿಯಾದದ್ದು ಕೊನೆಗೆ ಸಿಕ್ಕಿದ್ದು ಸರ್ವೆ ಉಪಕರಣ ರಿಪೇರಿ ಮಾಡುವ ಅಜ್ಜನ ಬಳಿ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಮರದ ಸ್ಟ್ಯಾಂಡ್. ಕಾಲಿನ ತುದಿಗೆ ಕಬ್ಬಿಣದ ಮೊಳೆ, ಮೊಳೆಯ ಮೇಲೆ ತುಳಿದು ನೆಲಕ್ಕೆ ಇಳಿಸಲು ಮೆಟ್ಟು. ಎರಡೂ ಕೈಯೂರಿ ಮೈಭಾರವೆಲ್ಲ ಬಿಟ್ಟೆ. ತಿರುಚಿ ನೋಡಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ.

“ಜಮೀನು ಅಳೆಯೋರದ್ದು ತಾಯಿ,” ಎಂದ ಅಜ್ಜ. “ಇದು ಕೂದಲೆಳೆಯಷ್ಟು ಅಲುಗಿದ್ರೂ ಅಣ್ಣತಮ್ಮಂದಿರು ಕೋರ್ಟಿಗೆ ಹೋಗ್ತಾರೆ.”

“ನಮ್ಮನೇಲಿ ಅಲುಗದೇನೇ ಹೋಗೋ ಹಾಗಾಗಿದೆ ಅಜ್ಜ.”

ಅವನು ನಕ್ಕ. ಕುಂದುಗಳನ್ನೂ ಮುಚ್ಚಿಡಲಿಲ್ಲ: ಭಾರ ಜಾಸ್ತಿ, ನುಣ್ಣನೆಯ ನೆಲದಲ್ಲಿ ಜಾರುತ್ತದೆ, ಕ್ಯಾಮೆರಾಕ್ಕೆ ಇದರ ತಿರುಪು ತೀರಾ ದಪ್ಪ. ಪಕ್ಕದ ಲೇಥಿನವನು ಹಿತ್ತಾಳೆಯ ಬಳೆಯೊಂದನ್ನು ಕಡೆದು ಆ ದಪ್ಪ ತಿರುಪನ್ನು ಸರಿಮಾಡಿಕೊಟ್ಟ. ಎಲ್ಲ ಸೇರಿ ಹೊಸ ಟ್ರೈಪಾಡಿನ ಚೀಲದಷ್ಟೂ ಬೆಲೆಯಾಗಲಿಲ್ಲ.

ಗಿರಣಿಯ ಅಂಗಳದಲ್ಲಿ ಹಲಗೆ ಜೋಡಿಸಿ ಆಳೆತ್ತರದ ಅಟ್ಟಣೆ ಕಟ್ಟಿದ್ದರು. ನಾನು ಹತ್ತಿ ಒಂದು ಹೆಜ್ಜೆ ಇಟ್ಟೆ. ಕಾಲಡಿಯಲ್ಲಿ ಹಲಗೆ ಬಗ್ಗಿತು. ಅಷ್ಟರಲ್ಲಿ ಚಿಕ್ಕಪ್ಪ ಬಂದ. “ಕೆಳಗೆ ಮಣ್ಣಲ್ಲಿ ನಿಂತ್ಕೋ ಪುಟ್ಟಿ. ಮೇಲೆ ಅನುಭವ ಇರೋರು ನಿಲ್ಲಬೇಕು.”

“ಆಗಲಿ ಚಿಕ್ಕಪ್ಪ” ಎಂದು ಇಳಿದೆ. ಮೆಟ್ಟು ತುಳಿದು ಮೂರು ಕಾಲನ್ನೂ ಗೇಣುದ್ದ ನೆಲಕ್ಕೆ ಇಳಿಸಿದೆ. ಮೋಡ ಕವಿದಿತ್ತು, ಇಬ್ಬರೂ ಲೆನ್ಸನ್ನು ಒಂದು ಸೆಕೆಂಡ್ ತೆರೆದಿಡಬೇಕಿತ್ತು. ಚಿಕ್ಕಪ್ಪ ಅಟ್ಟಣೆಯ ಮೇಲೆ ತನ್ನ ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ಹುದುಗಿಸಿದ.

ಆಗ ನಾನು ಮ್ಯಾನೇಜರ್ ಹತ್ತಿರ ಹೋದೆ. ತೂಕದ ಮನುಷ್ಯ, ಒಂದು ಕಡೆ ನಿಂತವರಲ್ಲ. “ಸಾರ್, ನೀವು ಮೇಲೆ ನಿಂತ್ರೆ ಎಲ್ಲರೂ ನಿಮ್ಮನ್ನೇ ನೋಡ್ತಾರೆ. ಯಾರೂ ಆ ಕಡೆ ಈ ಕಡೆ ತಿರುಗಲ್ಲ.”

ಮ್ಯಾನೇಜರ್ ಹಿಗ್ಗಿ ಹತ್ತಿದರು. ಹತ್ತಿದವರು ಇಳಿಯಲೇ ಇಲ್ಲ. ಚಿಕ್ಕಪ್ಪ ನಾಲ್ಕು ಹಾಳೆ ತೆಗೆಯುವವರೆಗೂ ಈ ಕಾಲಿಂದ ಆ ಕಾಲಿಗೆ ಭಾರ ಹಾಕುತ್ತ ನಿಂತಿದ್ದರು. ಇಳಿಯಿರಿ ಅನ್ನುವ ಧೈರ್ಯ ಅವನಿಗೆಲ್ಲಿ ಬರಬೇಕು?

ವಾರದ ನಂತರ ಮ್ಯಾನೇಜರ್ ಮೇಜಿನ ಮೇಲೆ ಎರಡೂ ಚಿತ್ರ ಇಟ್ಟೆವು. ನನ್ನದರಲ್ಲಿ ಹಿಂದಿನ ಸಾಲಿನವನ ಅಂಗಿಯ ಗುಂಡಿ ಎಣಿಸಬಹುದಿತ್ತು. ಚಿಕ್ಕಪ್ಪನದರಲ್ಲಿ ಮುನ್ನೂರು ಜನಕ್ಕೆ ಆರುನೂರು ಮೂಗು.

“ಅಟ್ಟಣೆ ಅಲುಗ್ತು ಸಾರ್…” ಎಂದು ಶುರುಮಾಡಿ ನಿಲ್ಲಿಸಿದ. ಅಲುಗಿಸಿದ್ದು ಯಾರೆಂದು ಹೇಗೆ ಹೇಳಿಯಾನು? ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ಮ್ಯಾನೇಜರ್ ನಕ್ಕು ಕೆಲಸ ನನಗೆ ಕೊಟ್ಟರು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.

ಗೇಟಿನ ಹೊರಗೆ ಚಿಕ್ಕಪ್ಪ ಕಾದಿದ್ದ. ಮುಖ ಇಳಿದಿತ್ತು.

“ಅವರನ್ನ ಮೇಲೆ ಹತ್ತಿಸಿದ್ದು ನೀನೇನಾ?”

“ಹೂಂ ಚಿಕ್ಕಪ್ಪ. ಬೇಕಂತಲೇ.”

“ನಿಮ್ಮಪ್ಪ ಇದ್ದಿದ್ರೆ ಇಂಥ ಕೆಲಸ ಮಾಡ್ತಿರಲಿಲ್ಲ ಕಣೇ.”

“ಮಾಡ್ತಿರಲಿಲ್ಲ,” ಎಂದೆ. “ಅದಕ್ಕೇ ಅವರ ಅಂಗಡಿ ನಿಮ್ಮ ಪಾಲಾಯ್ತು.”