ರಾಡಾರ್ ಕೊಳ್ಳಹೊರಟ ಆಸ್ಗರ್

ನಮ್ಮ ಮಾರ್ಸ್ಟಾಲ್ ಬಂದರಿನ ಆಸ್ಗರ್ ಚಿಕ್ಕಂದಿನಿಂದಲೂ ಹಾಯಿದೋಣಿ ನಡೆಸಿದವನು. ಕೆಲಸದಿಂದ ನಿವೃತ್ತನಾದ ವರ್ಷ, ಹೆಂಡತಿ ವಿಬೆಕೆಯೊಡನೆ ನಾರ್ವೆಯವರೆಗೆ ಹೋಗಿಬರುವುದೆಂದು ಗೊತ್ತುಮಾಡಿದ. ದೋಣಿಯ ಬ್ಯಾಟರಿ ಚಿಕ್ಕದು. ಬೇಕೆನಿಸಿದ ಹೊಸ ಯಂತ್ರಗಳನ್ನೆಲ್ಲ ನಡೆಸುವ ಶಕ್ತಿ ಅದಕ್ಕಿರಲಿಲ್ಲ, ಆರಿಸಿಕೊಳ್ಳಬೇಕಿತ್ತು.

"ರಾಡಾರ್ ಹಾಕ್ಸೋಣ. ಮಂಜಲ್ಲೂ ಹಡಗು ಎಲ್ಲಿದೆ ಅಂತ ಗೊತ್ತಾಗುತ್ತೆ," ಅಂದ ಆಸ್ಗರ್.

"ನೀನು ನೀರಿಗೆ ಬಿದ್ರೆ ಅದು ತೋರ್ಸುತ್ತಾ?"

"ನಾನ್ಯಾಕೆ ಬೀಳ್ತೀನಿ?"

"ಬೀಳೋರು ಹೇಳಿ ಬೀಳ್ತಾರೇನೋ?"

ವಿಬೆಕೆಗೆ ಬೇಕಾಗಿದ್ದದ್ದು ಲೈಫ್ ಜಾಕೆಟ್ಟಿನೊಳಗೆ ಕೂರುವ ಸಣ್ಣ ಯಂತ್ರ. ನೀರಿಗೆ ಬಿದ್ದು ಜಾಕೆಟ್ ಉಬ್ಬಿದ ಕೂಡಲೇ, ಬಿದ್ದವರಿರುವ ಜಾಗವನ್ನು ಅದು ದೋಣಿಯ ಪರದೆಗೂ ಹತ್ತಿರದ ಹಡಗುಗಳಿಗೂ ತಿಳಿಸುತ್ತದೆ. ಆಸ್ಗರ್ ಅದನ್ನು ಆಟಿಕೆ ಎಂದು ನಕ್ಕ.

ಮರುದಿನ ಮಧ್ಯಾಹ್ನ ಇಬ್ಬರೂ ದೋಣಿ ತೆಗೆದುಕೊಂಡು ಹೊರಟರು. ಗಾಳಿ ಹಿತವಾಗಿತ್ತು, ಅಲ್ಲಲ್ಲಿ ಸಣ್ಣ ಅಲೆಗಳು ಬೆಳ್ಳಗೆ ಒಡೆಯುತ್ತಿದ್ದವು. ದೋಣಿ ಕಟ್ಟೆಗೆ ಉಜ್ಜದಂತೆ ಪಕ್ಕಕ್ಕೆ ತೂಗುಹಾಕುವ ಬಿಳಿ ರಬ್ಬರ್ ದಿಂಡನ್ನು ವಿಬೆಕೆ ಬಿಚ್ಚಿ ನೀರಿಗೆಸೆದಳು.

"ಅದು ನಾನು. ಬಿದ್ಬಿಟ್ಟೆ. ಬಂದು ಎತ್ಕೋ," ಎಂದು ಕೈಕಟ್ಟಿ ಕೂತಳು.

ಆಸ್ಗರ್ ನಗುತ್ತಲೇ ಹಗ್ಗ ಸಡಿಲಿಸಿ, ಹಾಯಿ ಹೊರಳಿಸಿ, ದೋಣಿ ತಿರುಗಿಸಿದ. ಆ ಕೆಲಸ ಮುಗಿಸಿ ತಲೆಯೆತ್ತಿದರೆ ಸುತ್ತ ಎಲ್ಲಿ ನೋಡಿದರೂ ಬಿಳಿ ನೊರೆ.

"ಎಲ್ಲಿದೆ? ನಿಂಗೆ ಕಾಣ್ತಿದ್ಯಾ?"

"ನಾನು ನೀರಲ್ಲಿದ್ದೀನಪ್ಪ, ನನ್ನ ಕೇಳಿದ್ರೆ?"

ಆ ಕಡೆ ಹೋದ, ಈ ಕಡೆ ಬಂದ. ನಗು ಯಾವಾಗಲೋ ನಿಂತಿತ್ತು. ವಿಬೆಕೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟರೆ ಲೋಟ ಹಿಡಿಯಲೂ ಕೈ ಚಾಚಲಿಲ್ಲ.

"ಸಾಕು ಬಿಡು, ಹಳೇ ದಿಂಡು. ಮನೆಗೆ ಹೋಗೋಣ."

"ಇನ್ನೊಂದು ಸುತ್ತು."

"ಆಸ್ಗರ್."

"ಇನ್ನೊಂದೇ ಸುತ್ತು ಕಣೇ, ಇಲ್ಲೇ ಎಲ್ಲೋ ಇರ್ಬೇಕು."

ಅವನು ಮತ್ತೆ ದೋಣಿ ತಿರುಗಿಸಿದ. ವಿಬೆಕೆ ಎದ್ದುಹೋಗಿ ಚುಕ್ಕಾಣಿಯ ಮೇಲಿದ್ದ ಅವನ ಕೈಮೇಲೆ ಕೈಯಿಟ್ಟಳು.

"ನಾನಿಲ್ಲೇ ಇದ್ದೀನಿ ನೋಡು."

ಅವನು ತಿರುಗಿ ನೋಡಿದ. ಬಹಳ ಹೊತ್ತು ನೋಡುತ್ತಲೇ ಇದ್ದ. ಆಮೇಲೆ ದೋಣಿಯನ್ನು ಬಂದರಿನ ಕಡೆ ಹೊರಳಿಸಿದ.

ಮರುದಿನ ದೋಣಿ ಸಾಮಾನಿನ ಅಂಗಡಿಯವನು ರಾಡಾರಿನ ಚಿತ್ರ ಹರಡಿದಾಗ ಆಸ್ಗರ್ ಅದನ್ನು ಪಕ್ಕಕ್ಕೆ ಸರಿಸಿದ. "ಮೊದ್ಲು ಇವಳು ಬಿದ್ರೆ ಹುಡುಕೋಕೆ ಏನಿದೆಯೋ ಅದು ಕೊಡಪ್ಪ. ನಂಗೂ ಒಂದು." ಅದರ ಸಂಕೇತ ಹಿಡಿಯುವ, ತಮ್ಮ ದೋಣಿ ದೊಡ್ಡ ಹಡಗುಗಳಿಗೂ ಕಾಣುವಂತೆ ಮಾಡುವ ಯಂತ್ರವನ್ನೂ ಕೊಂಡರು. ಇಷ್ಟನ್ನು ಬ್ಯಾಟರಿ ತಾಳುತ್ತಿತ್ತು, ರಾಡಾರನ್ನು ಕೈಬಿಟ್ಟರು.

ಜೂನ್‌ನಲ್ಲಿ ಹೊರಟರು. ದಾರಿಯಲ್ಲಿ ಮಂಜು ಕವಿದಾಗ ಸ್ಕಾಗೆನ್ ಬಂದರಿನಲ್ಲೇ ಉಳಿದು, ರೈ ಬ್ರೆಡ್ಡಿನ ಮೇಲೆ ಹೆರಿಂಗ್ ಮೀನು ಹಾಕಿಕೊಂಡು ತಿಂದು, ಇಸ್ಪೀಟಾಡಿದರು. ಮಂಜು ಕರಗಿದ ಮೇಲೆ ನಾರ್ವೆಯ ಕಡೆ ಹಾಯಿ ಬಿಚ್ಚಿದರು.