ಗಾರ್ಡ್ ಡಬ್ಬಿಯ ಪೂಜೆ

ನಮ್ಮ ಮನೆಯವರು ಒಂದು ವರ್ಷ ನಾಲ್ಕು ತಿಂಗಳು ಕುಳಿತು ಮಾಡಿದ ಗಾಡಿಯನ್ನು ಹಾಳು ಮಾಡಿದವಳು ನಾನು. ಅದು ನನಗೆ ಗೊತ್ತಾದದ್ದು ಅವರು ತೀರಿಕೊಂಡ ಮೇಲೆ. ಮೊದಲೇ ಗೊತ್ತಾಗಿದ್ದರೆ ಕಾಲು ಹಿಡಿದು ಕ್ಷಮೆ ಕೇಳುತ್ತಿದ್ದೆ ಎಂದೇನೂ ಹೇಳುವುದಿಲ್ಲ, ಕಾಲು ಹಿಡಿಯುವ ಜಾಯಮಾನ ನನ್ನದಲ್ಲ. ಆದರೆ ಆ ಒಂದು ಮಾತನ್ನು ಮಾತ್ರ ಆಡುತ್ತಿರಲಿಲ್ಲ.

ಅವರ ಹೆಸರು ಮಾಲಿಂಗಪ್ಪ. ಒಡಪು ಕಟ್ಟಿ ಗಂಡನ ಹೆಸರು ಹೇಳುವ ವಯಸ್ಸು ನನ್ನದಲ್ಲ, ಹಾಗಾಗಿ ನೇರವಾಗಿಯೇ ಬರೆದುಬಿಟ್ಟೆ. ಮಸಗುಪ್ಪಿಯಲ್ಲಿ ಕುರಿ ಕಾಯುವ ಮನೆತನ. ಅಣ್ಣತಮ್ಮಂದಿರೆಲ್ಲ ಕುರಿಯ ಹಿಂದೆ ಹೋದರೆ ಇವರೊಬ್ಬರು ರೈಲಿನ ಹಿಂದೆ ಹೋದರು. ಹಿಂದೆ ಎಂದರೆ ನಿಜವಾಗಿಯೂ ಹಿಂದೆಯೇ. ಗೂಡ್ಸ್ ರೈಲಿನ ಕಟ್ಟಕಡೆಗೆ ಒಂದು ಡಬ್ಬಿ ಇರುತ್ತಿತ್ತಲ್ಲ, ಅದರ ಕಟ್ಟೆಯ ಮೇಲೆ ಹಸಿರು ಬಾವುಟ ಹಿಡಿದು ಒಬ್ಬ ಮನುಷ್ಯ ನಿಂತಿರುತ್ತಿದ್ದನಲ್ಲ, ಆ ಗಾರ್ಡ್ ಇವರು. ಘಟಪ್ರಭಾದಲ್ಲಿ ಸಣ್ಣ ಹಳಿ ಇದ್ದಾಗಿನಿಂದ ಮೂವತ್ತೊಂದು ವರ್ಷ ಆ ಡಬ್ಬಿಯಲ್ಲಿ ತಿರುಗಿದರು. ದೀಪವಿಲ್ಲ, ಫ್ಯಾನಿಲ್ಲ, ಮಾತಾಡಲು ನರಪಿಳ್ಳೆಯಿಲ್ಲ. ನಮ್ಮ ಮಗಳು ರಾಧಿಕಾ ಹುಟ್ಟಿದ ಸುದ್ದಿಯೂ ಅವರಿಗೆ ಮುಟ್ಟಿದ್ದು ಮೂರು ದಿನ ತಡವಾಗಿ. ಆ ಡಬ್ಬಿಯನ್ನು ನಾನು ಸವತಿ ಎಂದೇ ಕರೆಯುತ್ತಿದ್ದೆ.

ನಿವೃತ್ತಿಯಾದ ಮೇಲೆ ಹುಚ್ಚು ಹತ್ತಿತು. ಹಳೆಯ ಗೂಡ್ಸ್ ಡಬ್ಬಿಗಳ ಮಾದರಿ ಮಾಡುವ ಕಿಟ್ಟುಗಳು ಪುಣೆಯಿಂದ ಅಂಚೆಯಲ್ಲಿ ಬರತೊಡಗಿದವು. ಪೆಟ್ಟಿಗೆ ತೆರೆದರೆ ಒಳಗೆ ಬರೀ ತುಂಡುಗಳು, ಒಂದು ನಕಾಶೆ. ನಿಜವಾದ ಡಬ್ಬಿಯ ಎಂಬತ್ತೇಳು ಪಾಲಿನಲ್ಲಿ ಒಂದು ಪಾಲು ಇದು ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಎಂಬತ್ತೇಳನೇ ಪಾಲಿನ ಕೆಲಸವನ್ನಾದರೂ ಮನೆಯಲ್ಲಿ ಮಾಡಿ ಎಂದು ನಾನು ಅನ್ನುತ್ತಿದ್ದೆ. ಕಿಟಕಿಯ ಬಳಿ ಚಿಮಟಿಗೆ, ಬ್ಲೇಡು, ಅಂಟು ಇಟ್ಟುಕೊಂಡು ಕುಳಿತರೆ ಊಟಕ್ಕೆ ನಾಲ್ಕು ಸಲ ಕೂಗಬೇಕು. ಸಕ್ಕರೆ ಚೀಲ ಸಾಗಿಸುವ ಮುಚ್ಚಿದ ಡಬ್ಬಿ, ಕಲ್ಲಿದ್ದಲಿನ ತೆರೆದ ಡಬ್ಬಿ, ಎಣ್ಣೆಯ ಟಾಂಕಿ, ಹೀಗೆ ಐದು ಮಾಡಿದರು. ಎಲ್ಲವೂ ಪ್ಲಾಸ್ಟಿಕ್ಕಿನವು. ದೀಪಾವಳಿಗೆ ಮನೆ ಸಾರಿಸುವಾಗ ಅವನ್ನೂ ಬುಟ್ಟಿಯಲ್ಲಿ ಹಾಕಿ ಸಾಬೂನು ನೀರಿನಲ್ಲಿ ತೊಳೆದು ಬಿಸಿಲಿಗಿಡುತ್ತಿದ್ದೆ. ಅವರು ನೋಡಿ ನಗುತ್ತಿದ್ದರು.

ಆಮೇಲೆ ಅವರ ಕೈ ನಡುಗತೊಡಗಿತು. ಚಹಾದ ಬಟ್ಟಲು ತುಟಿಗೆ ಮುಟ್ಟುವಷ್ಟರಲ್ಲಿ ಅರ್ಧ ಅಂಗಿಯ ಮೇಲೆ. ಗೋಕಾಕದ ಡಾಕ್ಟರು ಇದು ಹೆಚ್ಚುತ್ತಾ ಹೋಗುತ್ತದೆ, ಕಡಿಮೆಯಾಗುವುದಿಲ್ಲ ಎಂದರು. ಮನೆಗೆ ಬಂದ ಕೂಡಲೇ ಇವರು ಗಾರ್ಡ್ ಡಬ್ಬಿಯ ಕಿಟ್ಟು ತರಿಸಿದರು.

"ಇದೊಂದ ಉಳದೈತಿ, ಸಾವಂತ್ರಿ. ಇದು ಆತಂದ್ರ ಮುಗೀತು. ಇನ್ನ ಈ ಕೈ ನನ್ನ ಮಾತ ಕೇಳೂದಿಲ್ಲ," ಎಂದರು.

ಈ ಕಿಟ್ಟು ಪ್ಲಾಸ್ಟಿಕ್ಕಿನದಾಗಿರಲಿಲ್ಲ. ದಪ್ಪ ಕಾಗದ, ತೆಳ್ಳಗಿನ ಕಟ್ಟಿಗೆ ಹಾಳೆ. ಅಂಟಿಸಿ ಬಣ್ಣ ಬಳಿದ ಮೇಲೆ ನನ್ನ ಕಣ್ಣಿಗೆ ಎಲ್ಲವೂ ಒಂದೇ. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ದಿನಕ್ಕೊಂದು ತುಂಡು ಅಂಟಿಸುತ್ತಿದ್ದರು. ಕೆಲವು ದಿನ ಅದೂ ಇಲ್ಲ. ಡಬ್ಬಿಯ ಕಟ್ಟೆಗೆ ಸುತ್ತ ಹಾಕುವ ಕಟಾಂಜನದ ಕಡ್ಡಿಗಳೇ ಮೂರು ತಿಂಗಳು ತಿಂದವು. ಕಣಗಲಾ ಊರಿನ ರಾಚಪ್ಪ, ಇವರ ಜೊತೆಯಲ್ಲೇ ಗಾರ್ಡ್ ಆಗಿದ್ದವನು, ದಿನಾ ಫೋನು ಮಾಡಿ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದ. ಘಟಪ್ರಭಾದಲ್ಲಿ ಹಳೆಯ ಗಾರ್ಡುಗಳೆಲ್ಲ ವರ್ಷಕ್ಕೊಮ್ಮೆ ಕೂಡಿ ಊಟ ಮಾಡುತ್ತಾರೆ. ಅಲ್ಲಿಗೆ ಒಯ್ದು ಎಲ್ಲರ ನಡುವೆ ಇಡಬೇಕೆಂಬುದೊಂದೇ ಇವರ ಆಸೆ.

ನಾಗರ ಅಮಾವಾಸ್ಯೆಯ ಹಿಂದಿನ ದಿನ ಡಬ್ಬಿ ಮುಗಿಯಿತು. ಊಟದ ದಿನಕ್ಕೆ ಇನ್ನು ಐದೇ ದಿನವಿತ್ತು. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಮುಂದೆ ಹಿಡಿದರು. ಅಂಗೈ ನಡುಗಿದ್ದಕ್ಕೆ ಡಬ್ಬಿ ಓಡುತ್ತಿರುವ ಹಾಗೆಯೇ ಕಂಡಿತು. ಸುಳ್ಳೇಕೆ ಹೇಳಲಿ, ಸವತಿ ಚೆನ್ನಾಗಿದ್ದಳು.

ನಮ್ಮ ಓಣಿಯಲ್ಲಿ ಅಮಾವಾಸ್ಯೆ ಬಂದರೆ ಹೆಂಗಸರೆಲ್ಲ ತಮ್ಮ ತಮ್ಮ ಮನೆಯ ಗಾಡಿ ತೊಳೆಯುತ್ತಾರೆ. ಟ್ರ್ಯಾಕ್ಟರಿಗೆ, ಮೋಟರ್ ಸೈಕಲ್ಲಿಗೆ ನೀರು ಹಾಕಿ ಭಂಡಾರದ ಅರಿಶಿನ ಹಚ್ಚಿ ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ನಮ್ಮದು ಮಾತ್ರ ಗಾಡಿಯಿಲ್ಲದ ಮನೆ. ಇವರ ಗಾಡಿ ಸರ್ಕಾರದ್ದು, ಅದೂ ದಿನಕ್ಕೊಂದು. ಪಕ್ಕದ ಮುದಕವ್ವ ಟ್ರ್ಯಾಕ್ಟರ್ ತೊಳೆಯುತ್ತ ನನ್ನನ್ನು ಕಾಡದ ಅಮಾವಾಸ್ಯೆಯಿಲ್ಲ.

"ಏನ ಸಾವಂತ್ರೆವ್ವಾ, ನೀ ಯಾವುದಕ್ಕ ಪೂಜಿ ಮಾಡಾಕಿ? ಒಳ್ಳಕಲ್ಲಿಗೋ, ಬೀಸೂಕಲ್ಲಿಗೋ?"

ಡಬ್ಬಿ ಮುಗಿದ ಮಾರನೆಯ ದಿನ, ಅಮಾವಾಸ್ಯೆಗೆ, ಅವರು ಬೆಳಗಿನ ಬಸ್ಸಿಗೆ ಡಾಕ್ಟರ ಬಳಿ ಗೋಕಾಕಕ್ಕೆ ಹೋಗಿದ್ದರು. ಮುದಕವ್ವ ಮಾಮೂಲಿನಂತೆ ಕಾಡಿದಳು.

"ನಮ್ಮದೂ ಗಾಡಿ ಐತೆಬೇ, ಬಾ ತೋರಸ್ತೇನಿ," ಎಂದೆ.

ಒಳಗಿಂದ ಗಾರ್ಡ್ ಡಬ್ಬಿ ತಂದೆ. ಮನೆಯ ಮುಂದಿನ ಕಟ್ಟೆಯ ಮೇಲಿಟ್ಟು ಎರಡು ತಂಬಿಗೆ ನೀರು ಸುರಿದು ತೊಳೆದೆ. ಸೆರಗಿನಿಂದ ಒರೆಸಿದೆ. ಭಂಡಾರ, ಕುಂಕುಮ ಹಚ್ಚಿದೆ, ಪುಟ್ಟ ಗಾಲಿಗಳ ಮುಂದೆ ನಿಂಬೆಹಣ್ಣಿಟ್ಟೆ. ನಿಂಬೆಹಣ್ಣೇ ಗಾಲಿಗಿಂತ ದೊಡ್ಡದು. ಮುದಕವ್ವ ನಕ್ಕು ನಕ್ಕು ಸಾಕಾದಳು, ಆಮೇಲೆ ತಾನೂ ಕೈ ಮುಗಿದಳು. ತಾಟಿನಲ್ಲಿಟ್ಟು ದೇವರ ಜಗುಲಿಯ ಮೇಲೆ ಏರಿಸಿ, ಊದುಬತ್ತಿ ಹಚ್ಚಿ, ಹೋಳಿಗೆಗೆ ಬೇಳೆ ಇಟ್ಟೆ. ಅಷ್ಟು ಸಂತೋಷ ನನಗೆ ಯಾವ ಹಬ್ಬದಲ್ಲೂ ಆಗಿರಲಿಲ್ಲ.

ಅವರು ಮಧ್ಯಾಹ್ನ ಬಂದರು. ನಾನು ಒಲೆಯ ಮುಂದಿದ್ದೆ. ಎಷ್ಟು ಹೊತ್ತಾದರೂ ದನಿಯಿಲ್ಲವೆಂದು ಇಣುಕಿದರೆ ಜಗುಲಿಯ ಮುಂದೆ ನನಗೆ ಬೆನ್ನು ಮಾಡಿ ನಿಂತಿದ್ದರು.

"ಪೂಜಿ ಮಾಡಿದಿ?" ಎಂದರು, ತಿರುಗದೆ.

"ಹೂನ್ರಿ. ಯಾಕ, ಮಾಡಬಾರದೇನು?"

"ಛಲೋ ಮಾಡಿದಿ. ಬಣ್ಣ ಇನ್ನೂ ಹಸಿ ಐತಿ. ಟ್ರಂಕಿನಾಗ ಇಡ್ತೇನಿ, ನೀ ತಗೀಬ್ಯಾಡ." ಟವೆಲ್ಲಿನಲ್ಲಿ ಸುತ್ತಿ ಒಯ್ದಿಟ್ಟರು. ಎರಡು ಹೋಳಿಗೆ ಉಂಡರು. ಮೂರನೆಯದಕ್ಕೆ ಕೈ ಅಡ್ಡ ಹಿಡಿದರು. ಡಾಕ್ಟರು ಏನೋ ಕೆಟ್ಟದ್ದು ಹೇಳಿರಬೇಕೆಂದುಕೊಂಡೆ.

ಭಾನುವಾರ ಘಟಪ್ರಭಾಕ್ಕೆ ಹೊರಡುವ ಹೊತ್ತಿಗೆ ಅಂಗಿ ಇಸ್ತ್ರಿ ಮಾಡಿಟ್ಟರೆ, ಹೋಗುವುದಿಲ್ಲ ಎಂದು ಕುಳಿತರು. ಮೊಣಕಾಲು ನೋವಂತೆ. ನನಗೆ ನೆತ್ತಿಗೇರಿತು.

"ವರ್ಷಾನಗಟ್ಟಲೆ ಕುಂತ ಮಾಡಿದ್ರಿ, ತೋರ್ಸಾಕ ಏನ ಧಾಡಿ? ನಿಮ್ಮ ಕೈಯಷ್ಟ ಅಲ್ರಿ, ಮನಸೂ ನಡಗಾಕತ್ತೈತಿ!"

"ಹೌದು," ಎಂದರು. ಅಷ್ಟೇ.

ಮತ್ತೆ ಅವರು ಕಿಟಕಿಯ ಬಳಿ ಕೂಡಲಿಲ್ಲ. ಪ್ರತಿ ಅಮಾವಾಸ್ಯೆಗೆ ನಾನು ಡಬ್ಬಿ ತೆಗೆಯಿರಿ ಎನ್ನುವುದು, ಅವರು ಮುಂದಿನ ಅಮಾಸಿಗೆ ನೋಡೂಣು ಎನ್ನುವುದು. ಮಾಘ ಮಾಸದಲ್ಲಿ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ.

ದಿನಕರ್ಮ ಮುಗಿದ ಮಾರನೆಯ ವಾರ ರಾಚಪ್ಪ ಬಂದ. ಅಂದು ಘಟಪ್ರಭಾಕ್ಕೆ ಹೋಗಬೇಕಿದ್ದ ಡಬ್ಬಿಯನ್ನು ಇವನೊಬ್ಬನಾದರೂ ನೋಡಲಿ ಎಂದು ನಾನು ಟ್ರಂಕಿಗೆ ಕೈ ಹಾಕಿದೆ.

"ಬ್ಯಾಡ ವೈನಿ. ಇರಲಿ ಬಿಡ್ರಿ," ಎಂದ.

ನಾನು ಯಾರ ಮಾತು ಕೇಳಿದವಳು? ಟವೆಲ್ಲು ಬಿಚ್ಚಿದೆ. ಛಾವಣಿ ಉಬ್ಬಿ ಎದ್ದಿತ್ತು. ಗೋಡೆಗಳು ಪದರ ಪದರವಾಗಿ ಬಿಚ್ಚಿಕೊಂಡಿದ್ದವು. ಭಂಡಾರದ ಹಳದಿ ಎಲ್ಲ ಕಡೆ ಇಳಿದು ಒಣಗಿತ್ತು. ಕಟಾಂಜನಕ್ಕೆ ದಾರ ಸುತ್ತಿ ಬಿಗಿಯಲು ನೋಡಿದ್ದರು. ಗಂಟು ಬಿದ್ದಿರಲಿಲ್ಲ, ಆ ಕೈಗೆ ಗಂಟು ಹಾಕಲು ಆಗಿರಲಿಲ್ಲ. ನನ್ನ ಎರಡು ತಂಬಿಗೆ ನೀರು ಆಗಲೇ ನೆನಪಾಯಿತು.

"ನಿನಗ ಗೊತ್ತಿತ್ತೇನು, ರಾಚಪ್ಪಾ?"

"ನಾಗರ ಅಮಾಸಿ ಸಂಜೀಕ ಫೋನ್ ಮಾಡಿದ್ದ. ನಿಮಗ ಹೇಳಬಾರದಂತ ಆಣಿ ಹಾಕ್ಸಿದ್ದ."

"ನನಗ ಬೈದ್ರೇನು?"

"ಇಲ್ಲ ವೈನಿ. ಅಳಾಕತ್ತಿದ್ದ. ಹೋಗ್ಲಿ ಬಿಡಲೇ, ಇನ್ನೊಂದ ಮಾಡಂತ ಅಂದ್ನಿ. ಡಬ್ಬಿ ಕೆಟ್ಟದ್ದಕ್ಕ ಅಳಾಕತ್ತಿಲ್ಲಲೇ ಅಂದ. ‘ಮೂವತ್ತೊಂದ ವರ್ಷ ಆ ಡಬ್ಯಾಗ ತಿರುಗಿದ್ನಿ, ಅದಕ್ಕ ಒಂದ ನಿಂಬಿಹಣ್ಣ ಇಟ್ಟವರಿಲ್ಲ. ಇವತ್ತ ನಮ್ಮಾಕಿ ಹೋಳಿಗಿ ಮಾಡಿ ಪೂಜಿ ಮಾಡ್ಯಾಳ. ಕೆಟ್ಟೈತಂತ ಆಕಿಗಿ ಹೇಳಬ್ಯಾಡಲೇ, ಮತ್ತ ಯಾವತ್ತೂ ಮಾಡೂದಿಲ್ಲ ಆಕಿ’ ಅಂದ."

ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಮೂವತ್ತೆಂಟು ವರ್ಷ ಅವರ ಒಂದೊಂದು ಮಾತಿಗೂ ಎದುರುತ್ತರ ಕೊಟ್ಟವಳು ನಾನು. ಈ ಮಾತಿಗೆ ಎದುರುತ್ತರ ಕೊಡೋಣವೆಂದರೆ ಕೇಳಲು ಅವರೇ ಇರಲಿಲ್ಲ.